ಒಂದು ಕೆರೆ, ಹಲವು ಶಾಸ್ತ್ರ: ಬಿ.ಎ. ಸೇರುವವರಿಗೆ ಸಮಾಜ ವಿಜ್ಞಾನಗಳ ಹೋಲಿಕೆಯ ಮಾರ್ಗದರ್ಶಿ

ಎಸ್‌ಎಸ್‌ಎಲ್‌ಸಿವರೆಗೆ ಸಮಾಜ ವಿಜ್ಞಾನ ಎಂಬುದು ಒಂದೇ ವಿಷಯ, ಒಂದೇ ಪ್ರಶ್ನೆಪತ್ರಿಕೆ. ಪಠ್ಯಪುಸ್ತಕದ ಒಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ಭಾಗಗಳಿದ್ದರೂ ಅವನ್ನೆಲ್ಲ ಸಾಮಾನ್ಯವಾಗಿ ಒಬ್ಬರೇ ಮೇಷ್ಟ್ರು ಪಾಠ ಮಾಡುವುದರಿಂದ, ಅವು ಬೇರೆ ಬೇರೆ ಶಾಸ್ತ್ರಗಳು, ಒಂದೊಂದಕ್ಕೂ ತನ್ನದೇ ಪ್ರಶ್ನೆಯೂ ತನ್ನದೇ ವಿಧಾನವೂ ಇವೆ ಎಂಬುದು ವಿದ್ಯಾರ್ಥಿಯ ಅನುಭವಕ್ಕೆ ಬರುವುದಿಲ್ಲ. ಪಿಯುಸಿಯಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಂಡವರಿಗೂ ಆಯ್ಕೆಯ ಪ್ರಸಂಗ ಹೆಚ್ಚಾಗಿ ಬಂದಿರುವುದಿಲ್ಲ. ಪದವಿ ಕಾಲೇಜಿನ ಕೌಂಟರಿನಲ್ಲಿ ‘ಎಚ್‌ಇಪಿ ಬೇಕೋ, ಎಚ್‌ಇಎಸ್ ಬೇಕೋ’ ಎಂದು ಕೇಳಿದಾಗ ಮಾತ್ರ ಅದು ಎದುರಾಗುತ್ತದೆ, ಆಗ ಉತ್ತರ ಕೊಡಲು ಸಿಗುವ ಕಾಲ ಐದು ನಿಮಿಷ. ಯಾವುದು ಸುಲಭ, ಯಾವುದಕ್ಕೆ ಗೆಳೆಯರು ಸೇರಿದ್ದಾರೆ, ಯಾವುದಕ್ಕೆ ‘ಸ್ಕೋಪ್’ ಇದೆ ಎಂಬ ಮೂರು ಮಾತಿನ ಮೇಲೆ ಮೂರು ವರ್ಷದ ಓದು ನಿರ್ಧಾರವಾಗಿಬಿಡುತ್ತದೆ.

ಈ ಮೂರೂ ಮಾನದಂಡಗಳಿಗಿಂತ ಗಟ್ಟಿಯಾದದ್ದು ಇನ್ನೊಂದಿದೆ ಎಂಬುದು ನನ್ನ ಅಭಿಪ್ರಾಯ. ಒಂದು ಶಾಸ್ತ್ರ ಯಾವುದನ್ನು ಸಾಕ್ಷ್ಯವೆಂದು ಒಪ್ಪುತ್ತದೆ, ಆ ಬಗೆಯ ಸಾಕ್ಷ್ಯದ ಜೊತೆ ದಿನಗಟ್ಟಲೆ ಕೂರುವ ತಾಳ್ಮೆ ನಿಮಗಿದೆಯೇ ಎಂಬುದನ್ನು ನೋಡಿ ಆರಿಸಬೇಕು. ಎಲ್ಲ ಸಮಾಜ ವಿಜ್ಞಾನಗಳೂ ಮನುಷ್ಯರು ಒಟ್ಟಾಗಿ ಬದುಕುವ ಬಗೆಯನ್ನೇ ನೋಡುತ್ತವೆ. ವ್ಯತ್ಯಾಸ ಇರುವುದು ಕೇಳುವ ಪ್ರಶ್ನೆಯಲ್ಲಿ ಮತ್ತು ಒಪ್ಪುವ ಪುರಾವೆಯಲ್ಲಿ. ಇದನ್ನು ತೋರಿಸಲು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಯಾವ ಹಳ್ಳಿಯವರಿಗೂ ವಿವರಿಸಬೇಕಿಲ್ಲದ ಒಂದು ವಸ್ತುವನ್ನು ತೆಗೆದುಕೊಳ್ಳುತ್ತೇನೆ: ಊರ ಮುಂದಿನ ಕೆರೆ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಬೇಸಾಯ, ಜಾತಿ, ಅಧಿಕಾರ, ಜಗಳ, ಜಾತ್ರೆ ಎಲ್ಲವೂ ಒಂದು ಕಾಲಕ್ಕೆ ಕೆರೆಯ ಸುತ್ತಲೇ ನಡೆದವು.

ಇತಿಹಾಸ

ಕೆರೆ ಏರಿಯ ಮೇಲೋ ತೂಬಿನ ಹತ್ತಿರವೋ ನಿಂತಿರುವ ಶಾಸನದ ಕಲ್ಲು ಇತಿಹಾಸದ ವಿದ್ಯಾರ್ಥಿಯ ಮೊದಲ ಸಾಕ್ಷಿ. ಕೆರೆ ಕಟ್ಟಿಸಿದವನಿಗೆ ಕೊಟ್ಟ ಕಟ್ಟುಗೊಡಗೆ ಭೂಮಿ, ಕೆರೆಯ ಉಸ್ತುವಾರಿಗೆಂದು ಬಿಟ್ಟ ಬಿತ್ತುವಟ್ಟ, ಸಾಕ್ಷಿಗಳ ಹೆಸರು, ದತ್ತಿಗೆ ತಪ್ಪಿದವರಿಗೆ ಶಾಪ ಇವೆಲ್ಲ ಇಂಥ ಕಲ್ಲುಗಳಲ್ಲಿ ಸಿಗುತ್ತವೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಸಂಪುಟಗಳಲ್ಲಿ 10ನೆಯದು ಕೋಲಾರ ಜಿಲ್ಲೆಯದು, 12ನೆಯದು ತುಮಕೂರು ಜಿಲ್ಲೆಯದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ಅಲ್ಲಿನ ಊರುಗಳನ್ನೂ ಕೋಲಾರದ ಸಂಪುಟದಲ್ಲೇ ಹುಡುಕಬೇಕು. ನಿಮ್ಮ ತಾಲ್ಲೂಕಿನ ಪುಟ ತೆರೆದು ಅರ್ಧ ದಿನ ಓದಿದರೆ ಈ ವಿಷಯ ನಿಮ್ಮದೋ ಅಲ್ಲವೋ ಎಂಬುದು ಬಹುಮಟ್ಟಿಗೆ ತಿಳಿದುಹೋಗುತ್ತದೆ.

ಏಕೆಂದರೆ ಇತಿಹಾಸವೆಂದರೆ ಇಸವಿಗಳ ಬಾಯಿಪಾಠವಲ್ಲ, ದಾಖಲೆಯೊಂದನ್ನು ಅನುಮಾನದಿಂದ ಓದುವ ಅಭ್ಯಾಸ. ಶಾಸನ ದಾನ ಕೊಟ್ಟವನ ಮಾತನ್ನು ಹೇಳುತ್ತದೆ. ಮಣ್ಣು ಹೊತ್ತವರ ಹೆಸರು ಅದರಲ್ಲಿರುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್‌ನಲ್ಲಿ ನಡೆದ ಗೋಲಿಬಾರಿನಲ್ಲಿ ಸತ್ತವರ ಸಂಖ್ಯೆ ಆಕರದಿಂದ ಆಕರಕ್ಕೆ ಬೇರೆಯಾಗುತ್ತದೆ. ಯಾವ ಸಂಖ್ಯೆಯನ್ನು ಯಾರು, ಯಾವಾಗ, ಯಾವ ಉದ್ದೇಶಕ್ಕೆ ಬರೆದರು ಎಂದು ಕೇಳತೊಡಗಿದಲ್ಲಿ ಇತಿಹಾಸದ ಕೆಲಸ ಶುರುವಾಗುತ್ತದೆ. ಶಿರಾ ಮೊಘಲರ ಸುಬಾದ (ಪ್ರಾಂತ್ಯದ) ಕೇಂದ್ರವಾಗಿತ್ತು, ಹೈದರಾಲಿ ಹುಟ್ಟಿದ್ದು ಕೋಲಾರದ ಬೂದಿಕೋಟೆಯಲ್ಲಿ ಎಂಬುದನ್ನು ಮಾತ್ರ ತಿಳಿದುಕೊಂಡು ತೃಪ್ತರಾಗುವವರಿಗೆ ಸಾಮಾನ್ಯ ಜ್ಞಾನದ ಪುಸ್ತಕ ಸಾಕು. ಎಂ.ಎ. ನಂತರವೂ ಮುಂದುವರಿಯುವ ಆಸೆಯಿದ್ದರೆ ಹಳಗನ್ನಡ ಓದಲು ಬರಬೇಕು. ಈ ಸೀಮೆಯ ಮಟ್ಟಿಗೆ ತೆಲುಗು, ಪರ್ಷಿಯನ್, ಮೋಡಿ ಲಿಪಿಗಳಲ್ಲಿ ಒಂದಾದರೂ ಕೈಗೆ ಹತ್ತಿದರೆ ನಿಮಗೆ ಸ್ಪರ್ಧಿಗಳೇ ಕಡಿಮೆ.

ಭೂಗೋಳ

ಅದೇ ಕೆರೆಯ ಮುಂದೆ ಭೂಗೋಳದ ವಿದ್ಯಾರ್ಥಿ ನಿಂತರೆ ಕಲ್ಲನ್ನು ಬಿಟ್ಟು ಇಳಿಜಾರನ್ನು ನೋಡುತ್ತಾನೆ. ಈ ಕೆರೆಯ ಕೋಡಿ ಬಿದ್ದ ನೀರು ಯಾವ ರಾಜಕಾಲುವೆ ಹಿಡಿದು ಯಾವ ಕೆರೆಗೆ ಹೋಗುತ್ತದೆ, ಮೇಲಿನ ಕೆರೆಯ ಹೂಳು ಕೆಳಗಿನ ಕೆರೆಗೆ ಏನು ಮಾಡಿತು ಎಂಬುದು ಅವನ ಪ್ರಶ್ನೆ. ಹಳೆಯ ಕೋಲಾರದ ಕೆರೆಗಳು ಒಂದಕ್ಕೊಂದು ಪೋಣಿಸಿದ ಸರಪಳಿಯಾಗಿದ್ದುದರಿಂದಲೇ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರನ್ನು ಲಕ್ಷ್ಮೀಸಾಗರ ಕೆರೆಗೆ ತಂದುಬಿಟ್ಟು, ಅಲ್ಲಿಂದ ಒಂದರ ನಂತರ ಒಂದು ಕೆರೆಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಸಾಧ್ಯವಾಯಿತು. 2018ರಲ್ಲಿ ನೀರು ಬರತೊಡಗಿದ ಈ ಯೋಜನೆಯ ಮೊದಲ ಹಂತದ ಲೆಕ್ಕ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. ಅಂತರ್ಜಲ ಎಲ್ಲಿ ಎಷ್ಟು ಏರಿತು, ಎರಡು ಹಂತದ ಶುದ್ಧೀಕರಣವಷ್ಟೇ ಆದ ನೀರಿನಿಂದ ಮಣ್ಣಿಗೂ ಬಾವಿಗೂ ಏನಾಗುತ್ತದೆ ಎಂಬ ವಾದಕ್ಕೆ ನಕ್ಷೆ, ಉಪಗ್ರಹ ಚಿತ್ರ, ನೀರಿನ ಮಾದರಿಯ ಪರೀಕ್ಷೆಗಳೇ ಪುರಾವೆ.

ಸಮಾಜ ವಿಜ್ಞಾನಗಳಲ್ಲಿ ಕೈಕಸುಬು ಅತಿ ಬೇಗ ಸಿಗುವುದು ಇದರಲ್ಲೇ. ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮತ್ತು ಸ್ಥಳದ ಮಾಹಿತಿ ಜೋಡಿಸುವ ವ್ಯವಸ್ಥೆ) ಮತ್ತು ದೂರಸಂವೇದಿ ತಂತ್ರಾಂಶಗಳನ್ನು ಕಲಿತ ಭೂಗೋಳ ಪದವೀಧರರಿಗೆ ಭೂಮಾಪನ, ನಗರ ಯೋಜನೆ, ಜಲಾನಯನದ ಕೆಲಸಗಳಲ್ಲಿ ಜಾಗವಿದೆ. ತೊಂದರೆಯೆಂದರೆ ಭೂಗೋಳ ಎಲ್ಲ ಕಾಲೇಜುಗಳಲ್ಲೂ ಇರುವುದಿಲ್ಲ. ಇರುವ ಕಡೆ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಇದೆಯೋ, ಬರೀ ಗೋಡೆ ನಕ್ಷೆಗಳಿವೆಯೋ ಎಂದು ಕಣ್ಣಾರೆ ನೋಡಿ ಸೇರಿ.

ಅರ್ಥಶಾಸ್ತ್ರ

ಕೆರೆ ಒಣಗಿದ ಮೇಲೆ ರೈತ ಬೋರ್‌ವೆಲ್ ಕೊರೆಸಿದ. ಪಕ್ಕದವನೂ ಕೊರೆಸಿದ. ಕೃಷಿ ಪಂಪ್‌ಸೆಟ್‌ಗಳಿಗೆ 10 ಎಚ್‌ಪಿವರೆಗೆ ವಿದ್ಯುತ್ ಉಚಿತವಾದ್ದರಿಂದ ನೀರೆತ್ತುವ ಪ್ರತಿ ಗಂಟೆಗೂ ಬಿಲ್ಲಿಲ್ಲ. ಆದರೆ ಎಲ್ಲರೂ ಎತ್ತಿದರೆ ಎಲ್ಲರ ಬೋರೂ ಬತ್ತುತ್ತದೆ. ಒಬ್ಬೊಬ್ಬನ ಲೆಕ್ಕ ಸರಿಯಾಗಿದ್ದೂ ಊರಿನ ಒಟ್ಟು ಲೆಕ್ಕ ತಪ್ಪುವ ಇಂಥ ಸಂದರ್ಭಗಳು ಅರ್ಥಶಾಸ್ತ್ರಕ್ಕೆ ಬಹಳ ಪ್ರಿಯ. ಈ ಶಾಸ್ತ್ರ ಹಣದ ಕುರಿತದ್ದು ಎಂದುಕೊಂಡು ಬರುವವರಿಗೆ ಆಗುವ ಮೊದಲ ಆಶ್ಚರ್ಯವೂ ಇದೇ: ಅದು ಆಯ್ಕೆಗಳ ಕುರಿತದ್ದು, ಹಣ ಅದರ ಒಂದು ಅಳತೆ ಮಾತ್ರ.

ಕೋಲಾರದ ಎಪಿಎಂಸಿಗೆ ಹರಾಜಿನ ಹೊತ್ತಿಗೆ ಹೋದರೆ ಪಠ್ಯದ ಅರ್ಧ ಭಾಗ ಅಲ್ಲೇ ನಡೆಯುತ್ತಿರುತ್ತದೆ. 15 ಕೆ.ಜಿ. ಟೊಮೆಟೊ ಬಾಕ್ಸಿಗೆ 2023ರ ಜುಲೈನಲ್ಲಿ 2000 ರೂಪಾಯಿಗೂ ಮೀರಿ ಬೆಲೆ ಸಿಕ್ಕಿತು. ಬೇರೆ ಹಂಗಾಮುಗಳಲ್ಲಿ ಅದೇ ಹಣ್ಣನ್ನು ಕೀಳಿಸಿದ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದದ್ದೂ ಉಂಟು. ಈ ಬಾರಿಯ ಬೆಲೆ ನೋಡಿ ಮುಂದಿನ ಬಾರಿ ಎಲ್ಲರೂ ನಾಟಿ ಮಾಡುತ್ತಾರೆ, ಫಸಲು ಬರುವಷ್ಟರಲ್ಲಿ ಮಾರುಕಟ್ಟೆ ತುಂಬಿ ಬೆಲೆ ಕುಸಿಯುತ್ತದೆ, ಕುಸಿದ ಬೆಲೆ ಕಂಡು ಜನ ಬೆಳೆ ಬಿಡುತ್ತಾರೆ, ಮತ್ತೆ ಅಭಾವ. ಬೆಲೆ ಮತ್ತು ಪೂರೈಕೆಯ ನಡುವಿನ ಈ ಕಾಲದ ಅಂತರವನ್ನು ಸಮೀಕರಣದಲ್ಲಿ ಬರೆದು, ಬೆಲೆಯ ಏರಿಳಿತ ಯಾವಾಗ ತಣ್ಣಗಾಗುತ್ತದೆ, ಯಾವಾಗ ಉಲ್ಬಣಿಸುತ್ತದೆ ಎಂದು ಲೆಕ್ಕ ಹಾಕುವುದು ಅರ್ಥಶಾಸ್ತ್ರಜ್ಞನ ರೀತಿ. ಮಂಡಿಯವನು ಅನುಭವದಿಂದ ಬಲ್ಲದ್ದನ್ನೇ ಇವನು ಅಂಕಿಅಂಶದಿಂದ ಪರೀಕ್ಷಿಸುತ್ತಾನೆ, ಕೆಲವು ಸಲ ಮಂಡಿಯವನ ಊಹೆ ತಪ್ಪೆಂದು ತೋರಿಸುತ್ತಾನೆ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಬಿ.ಎ. ತರಗತಿಗಳಲ್ಲಿ ಅರ್ಥಶಾಸ್ತ್ರವನ್ನು ರೇಖಾಚಿತ್ರ ಮತ್ತು ವ್ಯಾಖ್ಯೆಗಳ ಮಟ್ಟದಲ್ಲಿ ಮುಗಿಸಿಬಿಡಬಹುದು, ಪಾಸೂ ಆಗಬಹುದು. ಆದರೆ ಒಳ್ಳೆಯ ಸಂಸ್ಥೆಗಳ ಎಂ.ಎ. ಪ್ರವೇಶ ಪರೀಕ್ಷೆಗಳಲ್ಲಿ ಕಲನಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಎದುರಾಗುತ್ತವೆ, ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೂ ಅದೇ ಬಲ ಬೇಕು. ಗಣಿತ ಕಂಡರೆ ಆಗದು ಎನ್ನುವವರು ಅರ್ಥಶಾಸ್ತ್ರವನ್ನು ಮೂರರಲ್ಲಿ ಒಂದಾಗಿ ಇಟ್ಟುಕೊಳ್ಳಲಿ, ಮುಖ್ಯವಾಗಿ ನೆಚ್ಚಿಕೊಳ್ಳುವುದು ಬೇಡ. ಗಣಿತದಲ್ಲಿ ಆಸಕ್ತಿಯಿದ್ದೂ ಕಲಾ ವಿಭಾಗಕ್ಕೆ ಬಂದವರಿಗೆ ಮಾತ್ರ ನಾನು ಮೊದಲು ಸೂಚಿಸುವುದು ಇದನ್ನೇ. ಬೆಂಗಳೂರಿನಲ್ಲಿ 1972ರಲ್ಲಿ ವಿ.ಕೆ.ಆರ್.ವಿ. ರಾವ್ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್, ನಮ್ಮ ಜಿಲ್ಲೆಗಳಿಂದ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿದೆ.

ರಾಜ್ಯಶಾಸ್ತ್ರ

ಕೆರೆಯ ತೂಬು ಒಡೆದಿದೆ ಎಂದು ದೂರು ಕೊಡಲು ಹೊರಟ ಊರಿನವರನ್ನು ಹಿಂಬಾಲಿಸಿದರೆ ರಾಜ್ಯಶಾಸ್ತ್ರ ತಾನಾಗಿ ಅರ್ಥವಾಗುತ್ತದೆ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆಯಿದ್ದರೆ ಆ ಕೆರೆ ಜಿಲ್ಲಾ ಪಂಚಾಯಿತಿಯದು, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯದು. ಒತ್ತುವರಿಯ ಮಾತು ಬಂದರೆ ತಹಶೀಲ್ದಾರರ ಕಚೇರಿಗೆ ಹೋಗಬೇಕು. ಏರಿಯ ಮೇಲಿನ ಜಾಲಿ ಕೀಳಿಸಲು ಉದ್ಯೋಗ ಖಾತರಿಯ ಹಣ ಬೇಕೆಂದರೆ ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿರಬೇಕು. ಒಂದೇ ನೀರಿನ ಮೇಲೆ ಇಷ್ಟು ಅಧಿಕಾರಗಳು ಹೇಗೆ ಹಂಚಿಹೋದವು, 73ನೇ ತಿದ್ದುಪಡಿ ಮತ್ತು 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಕಾಗದದ ಮೇಲೆ ಕೊಟ್ಟ ಅಧಿಕಾರ ಕೆಳಗೆ ಎಷ್ಟು ಬಂತು, ನಡುವೆ ಯಾರು ತಡೆದರು ಎಂಬುದು ಇಲ್ಲಿನ ಪ್ರಶ್ನೆ. ಸಂವಿಧಾನ, ಕಾಯ್ದೆ, ತೀರ್ಪು, ಚುನಾವಣೆಯ ಅಂಕಿಗಳು ಇದರ ಸಾಕ್ಷ್ಯ. ಜೊತೆಗೆ ಸಮಾನತೆ, ನ್ಯಾಯ, ಪ್ರಭುತ್ವ ಎಂಬ ವಿಚಾರಗಳ ಮೇಲಿನ ತಾತ್ವಿಕ ವಾದಗಳು.

ದಿನಪತ್ರಿಕೆಯ ರಾಜಕೀಯ ಇಷ್ಟಪಡುವವರೆಲ್ಲ ಇದನ್ನು ಆರಿಸಿಕೊಳ್ಳುತ್ತಾರೆ, ಮೊದಲ ಸೆಮಿಸ್ಟರಿನಲ್ಲೇ ಪ್ಲೇಟೊ, ಹಾಬ್ಸ್‌ರಂಥ ತತ್ವಜ್ಞಾನಿಗಳು ಎದುರಾದಾಗ ಬೇಸರಪಡುತ್ತಾರೆ. ಆ ಭಾಗವನ್ನು ಸಹಿಸಬಲ್ಲವರಿಗೆ ಸ್ಪರ್ಧಾತ್ಮಕ ಪರೀಕ್ಷೆಗಳ ದೃಷ್ಟಿಯಿಂದ ಇದಕ್ಕಿಂತ ಅನುಕೂಲದ ವಿಷಯ ಕಡಿಮೆ: ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಕ್ಕೆ 500 ಅಂಕಗಳಿದ್ದು, ರಾಜ್ಯಶಾಸ್ತ್ರದ ಪಠ್ಯ ಸಾಮಾನ್ಯ ಅಧ್ಯಯನದ ಆಡಳಿತ ಮತ್ತು ಸಂವಿಧಾನದ ಪತ್ರಿಕೆಯೊಂದಿಗೆ ಸಾಕಷ್ಟು ಬೆರೆಯುತ್ತದೆ. ಸಾರ್ವಜನಿಕ ಆಡಳಿತ ಇದರ ಕವಲು. ಅದು ಪ್ರಭುತ್ವದ ತತ್ವಕ್ಕಿಂತ ಕಚೇರಿ ನಡೆಯುವ ರೀತಿಯನ್ನು ಹೆಚ್ಚು ನೋಡುತ್ತದೆ.

ಸಮಾಜಶಾಸ್ತ್ರ ಮತ್ತು ಮಾನವಶಾಸ್ತ್ರ

ಇವೆರಡನ್ನು ಒಟ್ಟಿಗೆ ಹೇಳುವುದೇ ಸರಿ, ಏಕೆಂದರೆ ಭಾರತದಲ್ಲಿ ಇವುಗಳ ಗಡಿ ಮೊದಲಿನಿಂದಲೂ ಮಸುಕು. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದವನು ನೀರಗಂಟಿ. ಈ ಕೆಲಸ ಕೋಲಾರದ ಹಲವು ಊರುಗಳಲ್ಲಿ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಸೇರಿತ್ತು. ಪ್ರತಿಯಾಗಿ ಅವರಿಗೆ ಒಂದಿಷ್ಟು ಭೂಮಿಯೋ ಸುಗ್ಗಿಯಲ್ಲಿ ಧಾನ್ಯವೋ ಸಿಗುತ್ತಿತ್ತು. ಜಮೀನುದಾರನ ಗದ್ದೆಗೆ ನೀರು ಯಾವಾಗ ಹರಿಯಬೇಕೆಂದು ತೀರ್ಮಾನಿಸುವವನಿಗೆ ಆತನ ಮನೆಯ ಪಡಸಾಲೆಯೊಳಗೆ ಪ್ರವೇಶವಿರಲಿಲ್ಲ. ಬೋರ್‌ವೆಲ್ ಬಂದ ಮೇಲೆ ಸರದಿಯೂ ಹೋಯಿತು, ನೀರಗಂಟಿಯ ಮಾತಿಗಿದ್ದ ಬೆಲೆಯೂ ಹೋಯಿತು; ಈಗ ಆ ಹೆಸರು ಉಳಿದಿರುವುದು ಗ್ರಾಮ ಪಂಚಾಯಿತಿಯ ನಲ್ಲಿ ನೀರು ಬಿಡುವವನಿಗೆ. ತಂತ್ರಜ್ಞಾನ ಬದಲಾದಾಗ ಜಾತಿಗಳ ನಡುವಿನ ಅವಲಂಬನೆ ಹೇಗೆ ಬದಲಾಗುತ್ತದೆ, ಅವಲಂಬನೆ ತಪ್ಪಿದರೂ ಮೇಲುಕೀಳು ಏಕೆ ಉಳಿಯುತ್ತದೆ ಎಂದು ಕೇಳುವುದು ಸಮಾಜಶಾಸ್ತ್ರ.

ಈ ಶಾಸ್ತ್ರದ ಮೇಲಿರುವ ದೊಡ್ಡ ಆರೋಪ, ಎಲ್ಲರಿಗೂ ಗೊತ್ತಿರುವುದನ್ನೇ ಕಷ್ಟದ ಮಾತಿನಲ್ಲಿ ಹೇಳುತ್ತದೆ ಎಂಬುದು. ಆರೋಪ ನೋಟ್ಸ್‌ಗಳಿಗೆ ಸಲ್ಲುತ್ತದೆ, ಶಾಸ್ತ್ರಕ್ಕೆ ಸಲ್ಲುವುದಿಲ್ಲ. ತೀರ ಖಾಸಗಿ ಎಂದು ತೋರುವ ಆತ್ಮಹತ್ಯೆಯ ಪ್ರಮಾಣವೂ ಸಮಾಜದ ಬಂಧಗಳ ಬಿಗಿತ–ಸಡಿಲಗಳನ್ನು ಅನುಸರಿಸಿ ಬದಲಾಗುತ್ತದೆ ಎಂದು ಫ್ರಾನ್ಸಿನ ಡರ್ಕೈಮ್ 1897ರಲ್ಲಿ ವಾದಿಸಿದ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳೆ ಮೈಸೂರಿನ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದು, ಶಾಸ್ತ್ರಗ್ರಂಥಗಳ ವರ್ಣಕ್ರಮ ಹೇಳುವಂತೆ ಅಧಿಕಾರ ನಡೆಯುವುದಿಲ್ಲ, ಭೂಮಿ, ಜನಸಂಖ್ಯೆ, ಕಚೇರಿಯ ಸಂಪರ್ಕ ಇರುವ ಜಾತಿಯ ಕೈಯಲ್ಲಿ ಹಳ್ಳಿ ಇರುತ್ತದೆ ಎಂದು ತೋರಿಸಿದರು. ‘ಪ್ರಬಲ ಜಾತಿ’ ಎಂದು ಇಂದು ಪತ್ರಿಕೆಗಳು ಸಲೀಸಾಗಿ ಬಳಸುವ ಪರಿಕಲ್ಪನೆ ಅಲ್ಲಿಂದ ಬಂದದ್ದು.

ಮಾನವಶಾಸ್ತ್ರ ಇನ್ನೂ ಚಿಕ್ಕ ಸಮುದಾಯವನ್ನು ಇನ್ನೂ ಹೆಚ್ಚು ಕಾಲ, ಅವರ ಭಾಷೆಯಲ್ಲೇ ಮಾತಾಡುತ್ತ ನೋಡುತ್ತದೆ; ಅದರೊಳಗೆ ಮನುಷ್ಯನ ದೇಹ ಮತ್ತು ವಿಕಾಸವನ್ನು ಓದುವ ಜೈವಿಕ ಶಾಖೆಯೂ ಇದೆ. ನಮ್ಮಲ್ಲಿ ಇದು ಅಪರಿಚಿತ ವಿಷಯವಾದರೂ ಇದರ ಪರಿಣಾಮ ಅಪರಿಚಿತವಲ್ಲ. ಒಂದು ಸಮುದಾಯವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಎದ್ದಾಗ ಸರ್ಕಾರ ಮಾಡಿಸುವ ಕುಲಶಾಸ್ತ್ರೀಯ ಅಧ್ಯಯನ ಇದೇ ಶಾಸ್ತ್ರದ ಕೆಲಸ; 1965ರ ಲೋಕೂರ್ ಸಮಿತಿ ಹೇಳಿದ ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹಿಂದುಳಿದಿರುವಿಕೆ ಮುಂತಾದ ಲಕ್ಷಣಗಳಿಗೆ ಅಲ್ಲಿ ಪುರಾವೆ ಕೊಡಬೇಕಾಗುತ್ತದೆ. ತುಮಕೂರು ಜಿಲ್ಲೆಯ ಹಟ್ಟಿಗಳಲ್ಲಿರುವ ಕಾಡುಗೊಲ್ಲರ ಬೇಡಿಕೆಯನ್ನು ಪತ್ರಿಕೆಗಳಲ್ಲಿ ಗಮನಿಸುತ್ತ ಬಂದವರಿಗೆ ಇದು ತಿಳಿದೇ ಇರುತ್ತದೆ. ರಾಜ್ಯದಲ್ಲಿ ಮೈಸೂರು ಮತ್ತು ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಮಾನವಶಾಸ್ತ್ರ ವಿಭಾಗಗಳಿವೆ. ಆದ್ದರಿಂದ ಇಲ್ಲಿ ಸಮಾಜಶಾಸ್ತ್ರ ಓದಿ ಸ್ನಾತಕೋತ್ತರಕ್ಕೆ ಅತ್ತ ಹೊರಳುವುದು ಕಾರ್ಯಸಾಧ್ಯವಾದ ದಾರಿ.

ಜನರ ಜೊತೆ ಕೂತು ಮಾತಾಡುವುದು, ಹೇಳಿದ್ದಕ್ಕೂ ಮಾಡುವುದಕ್ಕೂ ಇರುವ ಅಂತರವನ್ನು ತೀರ್ಪು ಕೊಡದೆ ಗಮನಿಸುವುದು ನಿಮಗೆ ಒಗ್ಗುತ್ತದೆಯಾದರೆ ಇವೆರಡರಲ್ಲಿ ಒಂದು ನಿಮ್ಮದು. ಕಂಡದ್ದನ್ನು ಕೂಡಲೇ ಸರಿಪಡಿಸಬೇಕೆಂಬ ತವಕವಿರುವವರು ಸಮಾಜಕಾರ್ಯದ ಕಡೆ ನೋಡುವುದು ಮೇಲು. ಅದು ಶಾಸ್ತ್ರಕ್ಕಿಂತ ವೃತ್ತಿ, ಬಿ.ಎ. ಮುಗಿಸಿ ಎಂ.ಎಸ್.ಡಬ್ಲ್ಯು. ಸೇರುವವರು ನಮ್ಮಲ್ಲಿ ಬಹಳ.

ಮನಶ್ಶಾಸ್ತ್ರ

ಮೂರು ಬೋರ್ ವಿಫಲವಾದ ಮೇಲೂ ಸಾಲ ಮಾಡಿ ನಾಲ್ಕನೆಯದನ್ನು ಕೊರೆಸುವವನು ಏಕೆ ಹಾಗೆ ಮಾಡುತ್ತಾನೆ? ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು ನೀರಿನ ಜಾಗ ತೋರಿಸುವವನ ಮಾತು ಹತ್ತು ಸಲ ಸುಳ್ಳಾದರೂ ಒಂದು ಸಲ ನಿಜವಾದದ್ದೇ ಏಕೆ ನೆನಪಿನಲ್ಲಿ ಉಳಿಯುತ್ತದೆ? ಪ್ರಶ್ನೆ ಒಬ್ಬ ವ್ಯಕ್ತಿಯ ತಲೆಯೊಳಗೆ ಇಳಿದಾಗ ಅದು ಮನಶ್ಶಾಸ್ತ್ರ. ನಷ್ಟದ ಎದುರು ಮನುಷ್ಯ ತೆಗೆದುಕೊಳ್ಳುವ ನಿರ್ಧಾರಗಳನ್ನು ಪ್ರಯೋಗಗಳಿಂದ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್‌ಗೆ 2002ರಲ್ಲಿ ನೊಬೆಲ್ ಬಂದದ್ದು ಅರ್ಥಶಾಸ್ತ್ರದಲ್ಲಿ. ಕೆರೆ, ಕಾಡು, ಮೀನುಗಾರಿಕೆಯಂಥ ಸಾಮೂಹಿಕ ಸಂಪತ್ತನ್ನು ಜನರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರು ಎಂದು ತೋರಿಸಿದ ಎಲಿನಾರ್ ಆಸ್ಟ್ರಂ 2009ರಲ್ಲಿ ಅದೇ ಪ್ರಶಸ್ತಿ ಪಡೆದಾಗ ಆಕೆಯ ಮೂಲ ವಿಷಯ ರಾಜ್ಯಶಾಸ್ತ್ರವಾಗಿತ್ತು. ಪದವಿಯಲ್ಲಿ ಆರಿಸಿದ ವಿಷಯ ಕೊನೆಯವರೆಗೆ ಕಟ್ಟಿಹಾಕುತ್ತದೆ ಎಂದು ಹೆದರುವ ಪೋಷಕರು ಈ ಎರಡು ಉದಾಹರಣೆಗಳನ್ನು ಗಮನಿಸಬಹುದು.

ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಆರಂಭವಾದರೂ ನಮ್ಮ ಮೂರು ಜಿಲ್ಲೆಗಳ ಕಾಲೇಜುಗಳಲ್ಲಿ ಇದು ಇಂದಿಗೂ ವಿರಳ. ಇದು ಪ್ರಯೋಗ ಮತ್ತು ಸಂಖ್ಯಾಶಾಸ್ತ್ರ ಎರಡನ್ನೂ ಬೇಡುವ ಓದು, ಮನಸ್ಸು ಓದುವ ವಿದ್ಯೆಯಲ್ಲ. ಬಿ.ಎ. ಮುಗಿಸಿದ ಮಾತ್ರಕ್ಕೆ ಯಾರೂ ಚಿಕಿತ್ಸಕರಾಗುವುದಿಲ್ಲ: ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಉನ್ನತ ತರಬೇತಿ ಮತ್ತು ನೋಂದಣಿ ಬೇಕು. ಆ ಉದ್ದದ ದಾರಿಗೆ ಮನೆಯಲ್ಲಿ ಒಪ್ಪಿಗೆ ಮತ್ತು ಅನುಕೂಲ ಎರಡೂ ಇವೆಯೇ ಎಂದು ಮೊದಲೇ ಕೂತು ಮಾತಾಡಿಕೊಳ್ಳಿ.

ಗುಂಪು ಆರಿಸುವಾಗ

2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ, ಬಿ.ಎ.ಯಲ್ಲಿ ಮೂರು ವಿಷಯಗಳ ಗುಂಪು ಆರಿಸಬೇಕಾಗುತ್ತದೆ. ತುಮಕೂರು ಜಿಲ್ಲೆಯವರಿಗೆ 2004ರಲ್ಲಿ ಆರಂಭವಾದ ತುಮಕೂರು ವಿಶ್ವವಿದ್ಯಾಲಯ, ಕೋಲಾರ ಮತ್ತು ಚಿಕ್ಕಬಳ್ಳಾಪುರದವರಿಗೆ ಕೋಲಾರದಲ್ಲಿ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಗುಂಪಿನಲ್ಲಿ ಒಂದೇ ಬಗೆಯ ಸಾಕ್ಷ್ಯ ಬೇಡುವ ಮೂರು ವಿಷಯಗಳನ್ನು ತುಂಬಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ಇತಿಹಾಸ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ ಮೂರೂ ಪಠ್ಯ ಓದಿ ಬರೆಯುವ ವಿಷಯಗಳು. ಅಂಕಿಯ ಪರಿಚಯವೇ ಆಗದೆ ಪದವಿ ಮುಗಿಯುತ್ತದೆ. ಅದರಲ್ಲಿ ಒಂದನ್ನು ಬಿಟ್ಟು ಅರ್ಥಶಾಸ್ತ್ರವನ್ನೋ ಭೂಗೋಳವನ್ನೋ ಸೇರಿಸಿಕೊಂಡರೆ ಮುಂದೆ ಹೊರಳಲು ಜಾಗ ಉಳಿಯುತ್ತದೆ. ಸಾಹಿತ್ಯದ ಒಲವು ಗಟ್ಟಿಯಾಗಿರುವವರು ಮಾತ್ರ ಈ ಮಾತನ್ನು ಪಕ್ಕಕ್ಕಿಡಬಹುದು.

ಪ್ರೌಢಶಾಲಾ ಶಿಕ್ಷಕರಾಗುವ ಗುರಿಯಿದ್ದರೆ, ಬಿ.ಇಡಿ. ಪ್ರವೇಶಕ್ಕೂ ನೇಮಕಾತಿಗೂ ಯಾವ ಯಾವ ವಿಷಯಗಳ ಸಂಯೋಜನೆಯನ್ನು ಒಪ್ಪುತ್ತಾರೆ ಎಂದು ಇತ್ತೀಚಿನ ಅಧಿಸೂಚನೆಯಲ್ಲಿ ಓದಿಕೊಂಡೇ ಕಾಲೇಜಿಗೆ ಹೋಗಿ. ಸೀನಿಯರ್‌ಗಳ ಮಾತು ಹಳೆಯ ನಿಯಮದ್ದಾಗಿರಬಹುದು. ಕನ್ನಡ ಮಾಧ್ಯಮದಲ್ಲಿ ಬರೆಯುವವರು ಇನ್ನೊಂದನ್ನೂ ತೂಗಿ ನೋಡಬೇಕು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳಿಗೆ ಕನ್ನಡದಲ್ಲಿ ಒಳ್ಳೆಯ ಪುಸ್ತಕಗಳು ಸಾಕಷ್ಟಿವೆ. ಮನಶ್ಶಾಸ್ತ್ರ, ಮಾನವಶಾಸ್ತ್ರ ಮತ್ತು ಅರ್ಥಶಾಸ್ತ್ರದ ಗಣಿತ ಭಾಗಕ್ಕೆ ಎರಡನೇ ವರ್ಷದ ಹೊತ್ತಿಗೇ ಇಂಗ್ಲಿಷ್ ಪುಸ್ತಕ ಹಿಡಿಯುವ ಸಿದ್ಧತೆ ಬೇಕು. ಪ್ರವೇಶಕ್ಕೆ ಮುಂಚೆ ಕಾಲೇಜಿನ ಗ್ರಂಥಾಲಯದಲ್ಲಿ ಕೇಳಿ, ನಿಮಗೆ ಮನಸ್ಸಿರುವ ಎರಡು ವಿಷಯಗಳ ಕೊನೆಯ ವರ್ಷದ ಪ್ರಶ್ನೆಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿ. ಮೊದಲ ವರ್ಷದ ಪತ್ರಿಕೆಗಳು ಎಲ್ಲ ವಿಷಯದಲ್ಲೂ ಸುಲಭವಾಗಿಯೇ ಕಾಣುತ್ತವೆ. ಆ ವಿಷಯಕ್ಕೆ ಕಾಯಂ ಅಧ್ಯಾಪಕರಿದ್ದಾರೋ, ಅತಿಥಿ ಉಪನ್ಯಾಸಕರ ನೇಮಕಕ್ಕಾಗಿ ಪ್ರತಿ ವರ್ಷ ಒಂದೆರಡು ತಿಂಗಳು ತರಗತಿ ನಿಲ್ಲುತ್ತದೋ ಎಂಬುದನ್ನೂ ಅಲ್ಲಿಯ ವಿದ್ಯಾರ್ಥಿಗಳಲ್ಲೇ ವಿಚಾರಿಸಿ.